ಮಲೆನಾಡಿನ ಮೂಲಿಕೆಗಳು ಮತ್ತು ಯಕೃತ್ತಿನ ರಕ್ಷಣೆ

ದೇಹವನ್ನು ದೇಗುಲವೆಂದು ಕಂಡ ಶರಣಪರಂಪರೆಯಲ್ಲಿ ದೇಹರಕ್ಷಣೆಯ ವಿದ್ಯೆಗೆ ಗೌರವದ ಸ್ಥಾನವಿದ್ದುದು ಸಹಜವೇ ಸರಿ. ೧೨ನೆಯ ಶತಮಾನದ ಶಿವಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ರೋಗಕ್ಕೆ ಮದ್ದು ಕೊಡುವುದೇ ಆತನ ಕಾಯಕ. ವ್ಯಾಧಿ, ಔಷಧಗಳ ಪರಿಭಾಷೆಯನ್ನೇ ಬಳಸಿ ಆತನು ಭವರೋಗದ ಮಾತನ್ನಾಡಿದನು. ಅದೇ ಶತಮಾನದಲ್ಲಿ ಕೀರ್ತಿವರ್ಮನು 'ಗೋವೈದ್ಯ'ವನ್ನೂ, ಜಗದ್ದಳ ಸೋಮನಾಥನು 'ಕರ್ಣಾಟಕ ಕಲ್ಯಾಣಕಾರಕ'ವನ್ನೂ ಕನ್ನಡದಲ್ಲಿ ರಚಿಸಿದರು. ೧೪ನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ'ವು ಸ್ಥಾವರ, ಜಂಗಮ ವಿಷಗಳನ್ನೂ ಅವುಗಳ ಪರಿಹಾರವನ್ನೂ ವಿವರಿಸುವ ವಿಷವೈದ್ಯ ಗ್ರಂಥ. ಸಾಗರಕ್ಕೆ ಸಮೀಪದ ಕೆಳದಿಯ ಅರಸನಾದ ಬಸವಪ್ಪನಾಯಕನು ೧೮ನೆಯ ಶತಮಾನದ ಆದಿಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ, ವಿಶ್ವಕೋಶಕ್ಕೆ ಸಮಾನವಾದ 'ಶಿವತತ್ತ್ವರತ್ನಾಕರ'ದಲ್ಲಿ ಆಯುರ್ವೇದವೂ ನಿರೂಪಿತವಾಗಿದೆ. ಅರಸರಿಂದ ಹಿಡಿದು ಕಾಯಕಜೀವಿಯವರೆಗೆ ಮೂಲಿಕೆಯ ಅರಿವು ಈ ನಾಡಿನಲ್ಲಿ ಹರಿದುಬಂದಿದೆಯೆಂಬುದಕ್ಕೆ ಇಷ್ಟು ಸಾಕ್ಷ್ಯ ಸಾಕು.

ಇಂತಹ ಪರಂಪರೆಯ ಮುಂದೆ ಇಂದು ಒಂದು ಪ್ರಶ್ನೆ ನಿಂತಿದೆ. ಗಿಡಮೂಲಿಕೆಯ ಸಾರವು ದೇಹದೊಳಗಿನ ಅವಯವವೊಂದನ್ನು ಹಾನಿಯಿಂದ ಕಾಯಬಲ್ಲುದೆ? ಕಾಯುವುದಾದರೆ ಯಾವ ಹಾನಿಯಿಂದ, ಯಾವ ಹೊತ್ತಿನಲ್ಲಿ, ಎಷ್ಟರಮಟ್ಟಿಗೆ? ಇದು ವಿದ್ವಾಂಸರ ಚರ್ಚೆಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಮಗುವಿನ ಕಣ್ಣು ಹಳದಿಯಾದುದನ್ನು ಕಂಡ ತಾಯಿಯೊಬ್ಬಳು ಮದ್ದು ಕೊಡುವವರ ಮನೆಗೆ ಹೋಗಬೇಕೋ ಆಸ್ಪತ್ರೆಗೆ ಹೋಗಬೇಕೋ ಎಂದು ತೊಳಲಾಡುವ ಕ್ಷಣದಲ್ಲಿ ಈ ಪ್ರಶ್ನೆಯ ಉತ್ತರದ ಮೇಲೆ ಒಂದು ಜೀವವೇ ನಿಂತಿರುತ್ತದೆ.

ಅಂಗಳದ ಔಷಧಾಲಯ

ಶ್ರೀ ಶ್ರೀಧರಸ್ವಾಮಿಗಳ ಆಶ್ರಮದಿಂದಾಗಿ ನಾಡಿಗೆಲ್ಲ ಪರಿಚಿತವಾದ ವರದಹಳ್ಳಿಯ ಸುತ್ತಲ ಪ್ರದೇಶವನ್ನಾಗಲಿ, ಹೊಸನಗರ, ತೀರ್ಥಹಳ್ಳಿಗಳ ಕಡೆಯ ಗ್ರಾಮಗಳನ್ನಾಗಲಿ ಮಳೆಗಾಲದಲ್ಲಿ ನೋಡಿದವರಿಗೆ ಮಲೆನಾಡಿನ ಸಸ್ಯಸಮೃದ್ಧಿಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಅಡಕೆ ತೋಟದ ನೆಲದಲ್ಲಿ, ಗದ್ದೆಯ ಅಂಚಿನಲ್ಲಿ, ಮನೆಯಂಗಳದ ಮೂಲೆಯಲ್ಲಿ ನೆಲನೆಲ್ಲಿಯು ತಾನಾಗಿ ಏಳುತ್ತದೆ. ನೀರು ನಿಂತ ಕಾಲುವೆಯ ಬದಿಯಲ್ಲಿ ಗರುಗವು ಬಿಳಿಯ ಪುಟ್ಟ ಹೂ ಬಿಡುತ್ತದೆ. ಬೇಲಿಗೂ ಮರಕ್ಕೂ ಅಮೃತಬಳ್ಳಿ ಹಬ್ಬುತ್ತದೆ. ಕಡುಕಹಿಯಾದ ನೆಲಬೇವು ಜ್ವರದ ಕಷಾಯಕ್ಕೆ ಬರುತ್ತದೆ. ನಿಘಂಟುಗಳಲ್ಲಿ ಇವೇ ಕ್ರಮವಾಗಿ ಭೂಮ್ಯಾಮಲಕೀ, ಭೃಂಗರಾಜ, ಗುಡೂಚಿ, ಭೂನಿಂಬ ಎಂಬ ಹೆಸರುಗಳನ್ನು ಪಡೆದಿವೆ.

ಕಾಮಾಲೆಗೆ ನೆಲನೆಲ್ಲಿಯನ್ನು ಬೇರುಸಹಿತ ಅರೆದು ಹಾಲಿನಲ್ಲಿಯೋ ಮಜ್ಜಿಗೆಯಲ್ಲಿಯೋ ಕಲಸಿ ಬೆಳಗ್ಗೆ ಬರಿಹೊಟ್ಟೆಯಲ್ಲಿ ಕೊಡುವುದು, ಎಣ್ಣೆ ಖಾರಗಳನ್ನು ಬಿಡಿಸಿ ಪಥ್ಯ ಮಾಡಿಸುವುದು ಇಲ್ಲಿಯ ಮನೆಮನೆಯ ವಾಡಿಕೆ. ಮದ್ದು ಕೊಡುವವರಲ್ಲಿ ಅನೇಕರು ಹಣ ಮುಟ್ಟದೆ, ಅದನ್ನು ಸೇವೆಯೆಂದೇ ತಿಳಿದು ನಡೆಸಿಕೊಂಡು ಬಂದಿದ್ದಾರೆ. ಈ ನಿಸ್ಪೃಹತೆಯು ಗೌರವಾರ್ಹವಾದುದು. ಆದರೆ ಕೊಡುವವರ ಮನಸ್ಸು ಶುದ್ಧವಾಗಿದ್ದ ಮಾತ್ರಕ್ಕೆ ಮದ್ದಿನ ಗುಣವು ಸಿದ್ಧವಾದಂತಾಗುವುದಿಲ್ಲ. ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕಾಗುತ್ತದೆ.

ಯಕೃತ್ತಿನ ಕಾಯಕ

ಯಕೃತ್ ಎಂಬ ಸಂಸ್ಕೃತ ಶಬ್ದಕ್ಕೆ ಗ್ರೀಕಿನ ಹೇಪಾರ್, ಲ್ಯಾಟಿನ್ನಿನ ಯೇಕುರ್ ಶಬ್ದಗಳು ಜ್ಞಾತಿಗಳು. ಕನ್ನಡದಲ್ಲಿ ಇದಕ್ಕೆ ಈಲಿಯೆಂಬ ಹಳೆಯ ಹೆಸರಿದೆ; ಪಠ್ಯಪುಸ್ತಕಗಳು ಪಿತ್ತಜನಕಾಂಗವೆನ್ನುತ್ತವೆ. ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಈ ಅವಯವವು ಪಕ್ಕೆಲುಬುಗಳ ಕೆಳಗೆ ಬಲಭಾಗದಲ್ಲಿ ಅಡಗಿ ಕುಳಿತು ಎಡೆಬಿಡದೆ ದುಡಿಯುತ್ತದೆ. ಉಂಡ ಅನ್ನದ ಸಕ್ಕರೆಯನ್ನು ಕೂಡಿಟ್ಟು ಬೇಕಾದಾಗ ಬಿಟ್ಟುಕೊಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸುವುದು, ಪಿತ್ತರಸವನ್ನು ಸ್ರವಿಸುವುದು, ಔಷಧ, ಮದ್ಯ, ವಿಷಗಳನ್ನು ಒಡೆದು ಹೊರಹಾಕಲು ಅಣಿಗೊಳಿಸುವುದು, ಇವೆಲ್ಲ ಅದರ ಕಾರ್ಯಗಳು. ಒಂದು ಭಾಗವು ನಷ್ಟವಾದರೂ ಮತ್ತೆ ಬೆಳೆಯುವ ಶಕ್ತಿಯು ಇದಕ್ಕುಂಟು. ಈ ಶಕ್ತಿಯನ್ನು ನೆನಪಿನಲ್ಲಿಡತಕ್ಕದ್ದು. ಮುಂದಿನ ವಿಚಾರಕ್ಕೆ ಇದು ಬೇಕಾಗುತ್ತದೆ.

ರಕ್ತದ ಕೆಂಪುಕಣಗಳು ಸುಮಾರು ೧೨೦ ದಿನ ಬಾಳಿ ಅಳಿಯುತ್ತವೆ. ಅವುಗಳ ಕೆಂಪುದ್ರವ್ಯದಿಂದ ಬಿಲಿರುಬಿನ್ ಎಂಬ ಹಳದಿ ವಸ್ತುವು ಹುಟ್ಟುತ್ತದೆ. ಯಕೃತ್ತು ಅದನ್ನು ಹದಗೊಳಿಸಿ ಪಿತ್ತದ ಮೂಲಕ ಕರುಳಿಗೆ ಕಳಿಸುತ್ತದೆ. ಈ ಕ್ರಮದಲ್ಲಿ ಎಲ್ಲಿಯಾದರೂ ತಡೆಯುಂಟಾದರೆ ಹಳದಿಯು ರಕ್ತದಲ್ಲಿ ಉಳಿದು ಕಣ್ಣು, ಚರ್ಮಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದೇ ಕಾಮಾಲೆ. ಆದುದರಿಂದ ಕಾಮಾಲೆಯು ಒಂದು ರೋಗದ ಹೆಸರಾಗಿರದೆ ಹಲವು ರೋಗಗಳ ಲಕ್ಷಣವಾಗಿರುತ್ತದೆ. ಕೆಂಪುಕಣಗಳು ಅತಿಯಾಗಿ ಒಡೆದರೂ, ಯಕೃತ್ತಿನ ಕೋಶಗಳು ನೊಂದರೂ, ಪಿತ್ತನಾಳವು ಕಲ್ಲಿನಿಂದಲೋ ಗಡ್ಡೆಯಿಂದಲೋ ಮುಚ್ಚಿದರೂ ಕಣ್ಣು ಹಳದಿಯಾಗುತ್ತದೆ.

ಪ್ರಾಚೀನರು ಈ ಭೇದವನ್ನು ಗಮನಿಸದೆ ಇರಲಿಲ್ಲ. ಚರಕಸಂಹಿತೆಯು ಪಾಂಡುರೋಗದ ಚಿಕಿತ್ಸೆಯನ್ನು ಹೇಳುವ ಅಧ್ಯಾಯದಲ್ಲಿಯೇ ಕಾಮಲೆಯನ್ನೂ ವಿವರಿಸಿ, ಕೋಷ್ಠಾಶ್ರಿತ, ಶಾಖಾಶ್ರಿತವೆಂದು ಅದನ್ನು ವಿಂಗಡಿಸುತ್ತದೆ. ಎರಡನೆಯದರಲ್ಲಿ ಪಿತ್ತದ ಹಾದಿ ಕಟ್ಟಿರುವುದರಿಂದ ಮಲವು ಅರೆದ ಎಳ್ಳಿನಂತೆ ಬಿಳಿಚಿಕೊಂಡಿರುವುದೆಂಬ ಲಕ್ಷಣವನ್ನು ಹೇಳಿ, ಅದಕ್ಕೆ ಬೇರೆಯೇ ಚಿಕಿತ್ಸೆಯನ್ನು ವಿಧಿಸುತ್ತದೆ. ಎಲ್ಲ ಹಳದಿಗೂ ಒಂದೇ ಮದ್ದು ಎಂಬ ಮಾತು ಶಾಸ್ತ್ರದ ಮಾತಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗಿಲ್ಲ.

ರಕ್ಷೆಯ ರೀತಿ

ಮೂಲಿಕೆಯ ರಕ್ಷಕಗುಣವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವ ಕ್ರಮ ಹೀಗಿದೆ. ಇಲಿಗಳಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ದ್ರವವನ್ನಾಗಲಿ, ಜ್ವರದ ಗುಳಿಗೆಯಾದ ಪ್ಯಾರಸಿಟಮಾಲನ್ನು ಅತಿಯಾದ ಪ್ರಮಾಣದಲ್ಲಿಯಾಗಲಿ ಕೊಡುತ್ತಾರೆ. ಮೊದಲನೆಯದು ಯಕೃತ್ತಿನಲ್ಲಿ ಒಡೆದು, ಕೋಶದ ಹೊರಪೊರೆಯ ಕೊಬ್ಬನ್ನು ಕೆಡಿಸುವ ಉಗ್ರವಾದ ಕಣವಾಗುತ್ತದೆ. ಎರಡನೆಯದರಿಂದ ಹುಟ್ಟುವ ವಿಷವಸ್ತುವನ್ನು ಸಾಮಾನ್ಯ ಪ್ರಮಾಣದಲ್ಲಿ ಗ್ಲುಟಾಥಯೋನ್ ಎಂಬ ಕೋಶದ್ರವ್ಯವು ಅಡಗಿಸುತ್ತದೆ. ಪ್ರಮಾಣ ಮೀರಿದಾಗ ಆ ದ್ರವ್ಯವು ಬರಿದಾಗಿ ಕೋಶಗಳು ಸಾಯುತ್ತವೆ. ಸತ್ತ ಕೋಶಗಳಿಂದ ಕೆಲವು ಕಿಣ್ವಗಳು ರಕ್ತಕ್ಕೆ ಸೋರುವುದರಿಂದ, ಆ ಕಿಣ್ವಗಳ ಮಟ್ಟವನ್ನು ಅಳೆದರೆ ಹಾನಿಯ ಪ್ರಮಾಣವು ತಿಳಿಯುತ್ತದೆ. ಮೂಲಿಕೆಯ ಸಾರವನ್ನು ಪಡೆದ ಇಲಿಗಳಲ್ಲಿ ಈ ಮಟ್ಟವು ಕಡಮೆಯಿದ್ದರೆ ಸಾರಕ್ಕೆ ರಕ್ಷಕಗುಣವುಂಟೆಂದು ಹೇಳುತ್ತಾರೆ.

ಈ ಪರೀಕ್ಷೆಯಲ್ಲಿ ಮಲೆನಾಡಿನ ಅನೇಕ ಮೂಲಿಕೆಗಳು ತೇರ್ಗಡೆಯಾಗಿವೆ. ನೆಲನೆಲ್ಲಿಯ ಫಿಲಾಂಥಿನ್, ಗರುಗದ ವೆಡೆಲೋಲ್ಯಾಕ್ಟೋನ್, ನೆಲಬೇವಿನ ಆಂಡ್ರೋಗ್ರಾಫೋಲೈಡ್, ಅರಿಶಿನದ ಕರ್ಕ್ಯುಮಿನ್ ಮೊದಲಾದ ವಸ್ತುಗಳು ಇಲಿಯ ಯಕೃತ್ತನ್ನು ಒಂದಲ್ಲ ಒಂದು ಬಗೆಯ ಹಾನಿಯಿಂದ ಕಾಪಾಡಿವೆ. ಹಿಮಾಲಯದ ಕಟುಕರೋಹಿಣಿಯ ಸಾರದಿಂದ ಲಖನೌದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆಯು ಪಿಕ್ರೋಲಿವ್ ಎಂಬ ಔಷಧದ್ರವ್ಯವನ್ನು ರೂಪಿಸಿತು. ಶಿವಮೊಗ್ಗ ಜಿಲ್ಲೆಯಲ್ಲಿಯೇ ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ಸುತ್ತಲ ಕಾಡಿನ ಗಿಡಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿದ್ದಾರೆ. ಹಿರಿಯರ ಮಾತಿನಲ್ಲಿ ಹುರುಳಿದೆಯೆಂದು ಇದರಿಂದ ಸಿದ್ಧವಾಗುತ್ತದೆ.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಇಂತಹ ಪ್ರಯೋಗಗಳಲ್ಲಿ ಹಲವು ಬಾರಿ ಸಾರವನ್ನು ಇಲಿಗೆ ಮೊದಲು ಕೊಟ್ಟು, ವಿಷವನ್ನು ಅನಂತರ ಕೊಡುತ್ತಾರೆ. ಮನುಷ್ಯನಾದರೋ ಹಾನಿಯಾದ ಮೇಲೆಯೇ ಮದ್ದನ್ನು ಹುಡುಕಿಕೊಂಡು ಬರುತ್ತಾನೆ. ಮಳೆ ಬರುವ ಮೊದಲು ಸೋಗೆ ಹೊದಿಸುವುದು ಬೇರೆ, ನೆಂದ ಮನೆಯನ್ನು ಒಣಗಿಸುವುದು ಬೇರೆ. ಮೊದಲನೆಯದು ರಕ್ಷೆ, ಎರಡನೆಯದು ಚಿಕಿತ್ಸೆ. ರಕ್ಷೆಗೆ ಒದಗಿದ ಗುಣವು ಚಿಕಿತ್ಸೆಗೂ ಒದಗುವುದೆಂಬ ನಿಯಮವಿಲ್ಲ. ಪ್ಯಾರಸಿಟಮಾಲ್ ವಿಷಕ್ಕೆ ಇಂದು ಜಗತ್ತಿನೆಲ್ಲೆಡೆ ಸಲ್ಲುವ ಪ್ರತಿವಿಷವು ಅಸಿಟೈಲ್‌ಸಿಸ್ಟೀನ್. ಬರಿದಾದ ಗ್ಲುಟಾಥಯೋನನ್ನು ಮತ್ತೆ ತುಂಬಿಕೊಡುವುದರಿಂದ ಅದು ಫಲಿಸುತ್ತದೆ, ಅದೂ ಬೇಗನೆ ಕೊಟ್ಟಷ್ಟೂ ಹೆಚ್ಚಾಗಿ.

ಸಸ್ಯಸಾರವು ಚಿಕಿತ್ಸೆಗೂ ಸಂದ ಉದಾಹರಣೆ ಇಲ್ಲದಿಲ್ಲ. ಯೂರೋಪಿನ ಮುಳ್ಳುಗಿಡವೊಂದರ ಬೀಜದಿಂದ ೧೯೬೮ರಲ್ಲಿ ಮ್ಯೂನಿಕ್ ನಗರದ ವಿಜ್ಞಾನಿಗಳು ಸಿಲಿಮರಿನ್ ಎಂಬ ದ್ರವ್ಯಸಮುದಾಯವನ್ನು ಬೇರ್ಪಡಿಸಿದರು. ಆ ಖಂಡದಲ್ಲಿ ಪ್ರಾಣಾಂತಕವಾದ ಒಂದು ಅಣಬೆಯಿದೆ. ಅದರ ವಿಷವು ಯಕೃತ್ತಿನ ಕೋಶವನ್ನು ಹೊಗುವ ಬಾಗಿಲನ್ನು ಸಿಲಿಮರಿನ್ನಿನ ಮುಖ್ಯಾಂಶವು ಮುಚ್ಚುತ್ತದೆ. ಅಣಬೆಯನ್ನು ತಿಂದ ರೋಗಿಗಳಿಗೆ ಅಲ್ಲಿಯ ಆಸ್ಪತ್ರೆಗಳಲ್ಲಿ ಅದನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಯಾವ ವಿಷ, ಯಾವ ದ್ರವ್ಯ, ಎಷ್ಟು ಪ್ರಮಾಣ, ಯಾವ ಮಾರ್ಗ ಎಂಬುದೆಲ್ಲ ಗೊತ್ತಾಗಿರುವುದರಿಂದಲೇ ಅದು ಔಷಧವಾಗಿದೆ.

ನೆಲನೆಲ್ಲಿಯ ಪರೀಕ್ಷೆ

ನೆಲನೆಲ್ಲಿಯ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ಹೆಪಟೈಟಿಸ್ ಬಿ ವೈರಸ್ಸನ್ನು ಗುರುತಿಸಿದ ಬರೂಕ್ ಬ್ಲೂಂಬರ್ಗರಿಗೆ ೧೯೭೬ರಲ್ಲಿ ನೊಬೆಲ್ ಪಾರಿತೋಷಿಕ ದೊರೆಯಿತು. ಆ ವೈರಸ್ಸನ್ನು ದೀರ್ಘಕಾಲ ದೇಹದಲ್ಲಿ ಹೊತ್ತಿರುವವರಿಗೆ ಮುಂದೆ ಯಕೃತ್ತು ಗಡುಸಾಗುವ ಮತ್ತು ಕ್ಯಾನ್ಸರ್ ಬರುವ ಭಯವಿದೆ. ಮದರಾಸಿನ ಸಂಶೋಧಕರು ಬ್ಲೂಂಬರ್ಗರೊಡನೆ ಸೇರಿ ನಡೆಸಿದ ಪರೀಕ್ಷೆಯೊಂದು ೧೯೮೮ರಲ್ಲಿ ಇಂಗ್ಲೆಂಡಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಒಣಗಿಸಿದ ನೆಲನೆಲ್ಲಿಯ ಪುಡಿಯನ್ನು ೨೦೦ ಮಿಲಿಗ್ರಾಂನಂತೆ ದಿನಕ್ಕೆ ಮೂರು ಸಲ, ೩೦ ದಿನ ಕೊಡಲಾಯಿತು. ಮದ್ದು ಪಡೆದ ೩೭ ಮಂದಿಯಲ್ಲಿ ೨೨ ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮರೆಯಾಯಿತು. ಮದ್ದಿನಂತೆ ತೋರುವ ಬರಿಯ ಪುಡಿಯನ್ನು ಪಡೆದ ೨೩ ಮಂದಿಯಲ್ಲಿ ಹಾಗಾದುದು ಒಬ್ಬರಿಗೆ ಮಾತ್ರ. ಈ ಸುದ್ದಿಯು ಜಗತ್ತಿನ ಗಮನವನ್ನು ಅಂಗಳದ ಕಳೆಯೊಂದರ ಕಡೆಗೆ ತಿರುಗಿಸಿತು.

ಮುಂದೆ ಇತರ ದೇಶಗಳಲ್ಲಿ ಇದೇ ಪರೀಕ್ಷೆಯನ್ನು ಮಾಡಿ ನೋಡಿದಾಗ ಅಷ್ಟು ಉಜ್ಜ್ವಲವಾದ ಫಲವು ಕಾಣಲಿಲ್ಲ. ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ ೨೦೧೧ರ ಸಮೀಕ್ಷೆಯು, ಹೆಪಟೈಟಿಸ್ ಬಿ ರೋಗಕ್ಕೆ ನೆಲನೆಲ್ಲಿಯನ್ನು ವಿಧಿಸಲು ನಂಬತಕ್ಕ ಆಧಾರವು ಸಾಲದೆಂದು ತೀರ್ಮಾನಿಸಿತು. ಇದರಿಂದ ನೆಲನೆಲ್ಲಿಗೆ ಅವಮಾನವೇನೂ ಆಗಲಿಲ್ಲ. ಒಮ್ಮೆ ಕಂಡ ಫಲವು ಮತ್ತೊಮ್ಮೆ, ಮತ್ತೊಂದೆಡೆ, ಮತ್ತೊಬ್ಬರ ಕೈಯಲ್ಲಿಯೂ ಕಂಡರೆ ಮಾತ್ರ ಅದು ಸತ್ಯವೆನಿಸುತ್ತದೆ. ಈ ನಿಯಮವು ಗಿಡಕ್ಕೂ ಗುಳಿಗೆಗೂ ಒಂದೇ.

ಹಾಗಾದರೆ ನೆಲನೆಲ್ಲಿಯಿಂದ ಕಾಮಾಲೆ ವಾಸಿಯಾದುದನ್ನು ಕಣ್ಣಾರೆ ಕಂಡವರ ಮಾತು ಸುಳ್ಳೆ? ಸುಳ್ಳಲ್ಲ. ಮಲಿನವಾದ ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ಎಂಬ ಬಗೆಗಳು ಬಹುಮಂದಿಯಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಮೇಲೆ ಹೇಳಿದ ಪುನಃ ಬೆಳೆಯುವ ಶಕ್ತಿಯಿಂದ ಯಕೃತ್ತು ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ವಿಶ್ರಾಂತಿ, ಹಿತಮಿತವಾದ ಆಹಾರ, ಮದ್ಯವರ್ಜನೆಗಳೆಂಬ ಪಥ್ಯವು ಅದಕ್ಕೆ ನೆರವಾಗುತ್ತದೆ. ಅದೇ ಸಮಯದಲ್ಲಿ ಕೊಟ್ಟ ಮದ್ದಿಗೆ ಕೀರ್ತಿ ಸಲ್ಲುತ್ತದೆ. ಮದ್ದಿನ ಪಾಲೆಷ್ಟು, ಪ್ರಕೃತಿಯ ಪಾಲೆಷ್ಟು ಎಂದು ಒಬ್ಬ ರೋಗಿಯನ್ನು ನೋಡಿ ಹೇಳುವುದು ಯಾರಿಗೂ ಸಾಧ್ಯವಿಲ್ಲ.

ಹೆಸರಿನ ತೊಡಕು

ಮೂಲಿಕೆಯ ವಿಚಾರದಲ್ಲಿ ಭಾಷೆಯ ಅರಿವೂ ಪ್ರಾಣರಕ್ಷಕವೆಂಬುದನ್ನು ಮರೆಯಬಾರದು. ನೆಲನೆಲ್ಲಿ ಎಂಬ ಒಂದೇ ಹೆಸರು ಒಂದನ್ನೊಂದು ಹೋಲುವ ಹಲವು ಜಾತಿಗಳಿಗೆ ಸಲ್ಲುತ್ತದೆ. ದಕ್ಷಿಣ ಭಾರತದ ಅಂಗಡಿಗಳಿಂದ ನೆಲನೆಲ್ಲಿಯ ಮಾದರಿಗಳನ್ನು ತಂದು ಬೆಂಗಳೂರಿನ ಸಂಶೋಧಕರು ನಡೆಸಿ ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಕಾಲುಭಾಗದಷ್ಟು ಮಾದರಿಗಳಲ್ಲಿ ಇತರ ಜಾತಿಗಳು ಸೇರಿದ್ದುದು ಕಂಡುಬಂದಿತು. ಕಿರಾತತಿಕ್ತವೆಂದರೆ ಹಿಮಾಲಯದ ಒಂದು ಗಿಡ; ಇಲ್ಲಿಯ ಗ್ರಂಧಿಗೆ ಅಂಗಡಿಯಲ್ಲಿ ಕಿರಾತಕಡ್ಡಿಯೆಂದು ಕೇಳಿದರೆ ನೆಲಬೇವು ಸಿಗುವುದುಂಟು. ಎರಡೂ ಕಹಿ, ಆದರೆ ಎರಡೂ ಬೇರೆ.

ಹೆಸರಿನ ತಪ್ಪು ಎಷ್ಟು ದೂರ ಹೋಗಬಹುದೆಂಬುದಕ್ಕೆ ಬೆಲ್ಜಿಯಂ ದೇಶದ ನಿದರ್ಶನವಿದೆ. ಅಲ್ಲಿಯ ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸುವ ಚಿಕಿತ್ಸೆಗೆಂದು ಚೀನಾದ ಮೂಲಿಕೆಗಳನ್ನು ಸೇವಿಸಿದ ಮಹಿಳೆಯರ ಮೂತ್ರಪಿಂಡಗಳು ಕೆಟ್ಟುದು ೧೯೯೩ರಲ್ಲಿ ಬೆಳಕಿಗೆ ಬಂದಿತು. ಚೀನೀ ಭಾಷೆಯಲ್ಲಿ ಹೆಸರು ಹೋಲುವುದರಿಂದ ಒಂದು ಮೂಲಿಕೆಯ ಸ್ಥಾನದಲ್ಲಿ ಅರಿಸ್ಟೊಲೋಕಿಯ ಕುಲದ ಮತ್ತೊಂದು ಮೂಲಿಕೆ ಸೇರಿತ್ತು. ಆ ಕುಲದ ಗಿಡಗಳಲ್ಲಿರುವ ಆಮ್ಲವು ಮೂತ್ರಪಿಂಡವನ್ನು ಕೆಡಿಸುವುದಲ್ಲದೆ ಮೂತ್ರನಾಳದ ಕ್ಯಾನ್ಸರನ್ನೂ ಉಂಟುಮಾಡುತ್ತದೆ. ಮಲೆನಾಡಿನವರು ಹಾವಿನ ವಿಷಕ್ಕೆ ಮದ್ದೆಂದು ನಂಬಿರುವ ಈಶ್ವರಿ ಬಳ್ಳಿಯು ಇದೇ ಕುಲದ್ದು. ಒಂದು ಅವಯವವನ್ನು ಕಾಯಲೆಂದು ಕೊಟ್ಟ ಬೇರು ಮತ್ತೊಂದನ್ನು ಕೊಲ್ಲಬಹುದೆಂಬ ಎಚ್ಚರವು ಇದರಿಂದ ಮೂಡಬೇಕು.

ಕಾಯುವುದೇ ಕೊಲ್ಲುವಾಗ

ಇತ್ತೀಚಿನ ವರ್ಷಗಳು ಇನ್ನೂ ಕೆಲವು ಪಾಠಗಳನ್ನು ಕಲಿಸಿವೆ. ೨೦೨೦ರ ಕೊರೋನಾ ಕಾಲದಲ್ಲಿ ಅಮೃತಬಳ್ಳಿಯ ಕಷಾಯವನ್ನು ಅಳತೆಯಿಲ್ಲದೆ, ತಿಂಗಳುಗಟ್ಟಲೆ ಕುಡಿದವರಿದ್ದರು. ಮುಂಬಯಿಯ ವೈದ್ಯರು ಹೀಗೆ ಸೇವಿಸಿ ಯಕೃತ್ತು ನೊಂದ ಆರು ರೋಗಿಗಳ ವಿವರವನ್ನು ೨೦೨೧ರಲ್ಲಿ ಪ್ರಕಟಿಸಿದರು. ೨೦೨೨ರಲ್ಲಿ ದೇಶದ ೧೩ ವೈದ್ಯಕೇಂದ್ರಗಳ ೪೩ ರೋಗಿಗಳ ವರದಿ ಬಂದಿತು. ಅಮೃತಬಳ್ಳಿಯು ಸುರಕ್ಷಿತವೆಂದೂ, ಅದನ್ನು ಹೋಲುವ ಮತ್ತೊಂದು ಬಳ್ಳಿಯು ಅಪಾಯಕರವಾದುದರಿಂದ ಎಚ್ಚರ ಬೇಕೆಂದೂ ಆಯುಷ್ ಮಂತ್ರಾಲಯವು ಹೇಳಿತು. ಎರಡು ಪಕ್ಷಗಳಲ್ಲಿ ಯಾವುದನ್ನು ಹಿಡಿದರೂ, ಗುರುತು ಮತ್ತು ಅಳತೆ ತಿಳಿಯದೆ ಕುಡಿಯಬಾರದೆಂಬ ನೀತಿಯೊಂದೇ ಉಳಿಯುತ್ತದೆ.

ಅರಿಶಿನದ ವಿಚಾರವೂ ಹಾಗೆಯೇ. ಅಡಿಗೆಯ ಅರಿಶಿನವನ್ನು ದೇಹವು ಬಹಳ ಕಡಮೆ ಹೀರಿಕೊಳ್ಳುತ್ತದೆ. ಮೆಣಸಿನ ಸತ್ತ್ವವಾದ ಪೈಪರಿನ್ನನ್ನು ಕೂಡಿಸಿದರೆ ಕರ್ಕ್ಯುಮಿನ್ ಹಲವು ಪಟ್ಟು ಹೆಚ್ಚಾಗಿ ರಕ್ತಗತವಾಗುವುದೆಂದು ಬೆಂಗಳೂರಿನ ಸಂತ ಜಾನ್ ವೈದ್ಯಕೀಯ ಕಾಲೇಜಿನ ಸಂಶೋಧಕರು ೧೯೯೮ರಲ್ಲಿ ತೋರಿಸಿದರು. ಈ ಜ್ಞಾನವನ್ನು ಹಿಡಿದು ತಯಾರಾದ ಗುಳಿಗೆಗಳು ಮಾರುಕಟ್ಟೆಗೆ ಬಂದವು. ಅಮೆರಿಕದಲ್ಲಿ ಅರಿಶಿನದ ಗುಳಿಗೆಗಳಿಂದ ಯಕೃತ್ತಿಗೆ ಹಾನಿಯಾದ ಹತ್ತು ರೋಗಿಗಳ ವರದಿಯು ೨೦೨೨ರಲ್ಲಿ ಪ್ರಕಟವಾಯಿತು, ಅವರಲ್ಲೊಬ್ಬರು ಮೃತರಾದರು. ಸಾಗರ, ಹೊಸನಗರದ ಕಾಡುಗಳಲ್ಲಿ ಸಿಗುವ ಉಪ್ಪಾಗೆಯ ಸಿಪ್ಪೆ ಹುಳಿಗೂ, ಬೀಜದ ತುಪ್ಪ ಅಡಿಗೆಗೂ ಬಂದಿವೆ; ತಲೆತಲಾಂತರದಿಂದ ಇವು ಆಹಾರವಾಗಿವೆ. ಅದೇ ಸಿಪ್ಪೆಯ ಸಾಂದ್ರಸಾರವನ್ನು ಮೈ ಇಳಿಸುವ ಗುಳಿಗೆಯಾಗಿ ನುಂಗಿದ ವಿದೇಶೀಯರಲ್ಲಿ ಯಕೃತ್ತಿನ ಉರಿಯೂತವು ವರದಿಯಾಗಿದೆ. ಆಹಾರವು ಆಹಾರದ ಅಳತೆಯಲ್ಲಿದ್ದಾಗ ಅಮೃತ; ಸಾರವನ್ನು ಹಿಂಡಿ ಗುಳಿಗೆ ಮಾಡಿದಾಗ ಅದು ಬೇರೆಯೇ ವಸ್ತು.

ತಡವೆಂಬ ವಿಷ

ಎಲ್ಲಕ್ಕಿಂತ ದೊಡ್ಡ ಅಪಾಯವು ಮೂಲಿಕೆಯೊಳಗೆ ಇಲ್ಲ, ಅದನ್ನು ನಂಬಿ ಕಳೆಯುವ ದಿನಗಳಲ್ಲಿದೆ. ಮಲೆನಾಡಿನ ಗದ್ದೆ ತೋಟಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರಿಗೆ ಇಲಿಜ್ವರದ ಭಯವುಂಟು. ಇಲಿಯ ಮೂತ್ರದಿಂದ ಮಲಿನವಾದ ನೀರಿನ ಮೂಲಕ, ಕಾಲಿನ ಗಾಯದಿಂದ ರೋಗಾಣುವು ಒಳಹೊಗುತ್ತದೆ. ಜ್ವರ, ಮೀನಖಂಡದ ತೀವ್ರ ನೋವು, ಕಣ್ಣು ಕೆಂಪಾಗುವುದು ಮೊದಲ ಲಕ್ಷಣಗಳು. ಕೆಲವರಲ್ಲಿ ಅನಂತರ ಕಾಮಾಲೆ ತಲೆದೋರಿ ಮೂತ್ರಪಿಂಡಗಳೂ ನಿಲ್ಲುತ್ತವೆ. ಪೆನಿಸಿಲಿನ್, ಡಾಕ್ಸಿಸೈಕ್ಲಿನ್ ಮೊದಲಾದ ಸಾಮಾನ್ಯ ಔಷಧಗಳಿಂದ ಆರಂಭದಲ್ಲಿಯೇ ಗುಣವಾಗಬಲ್ಲ ಈ ರೋಗಕ್ಕೆ, ಹಳದಿಯನ್ನಷ್ಟೇ ನೋಡಿ ಕಾಮಾಲೆಯ ಮದ್ದು ಕುಡಿಸುತ್ತ ಒಂದು ವಾರ ಕಳೆದರೆ ಅದನ್ನು ಮರಳಿ ತರಲಾಗದು. ಪಿತ್ತನಾಳದ ಕಲ್ಲಿಗೂ ಗಡ್ಡೆಗೂ ಸೊಪ್ಪಿನ ರಸದಿಂದ ಪರಿಹಾರವಿಲ್ಲ.

ಆದುದರಿಂದ ಕಣ್ಣು ಹಳದಿಯಾದೊಡನೆ ರಕ್ತಪರೀಕ್ಷೆ ಮಾಡಿಸತಕ್ಕದ್ದು. ಗರ್ಭಿಣಿಯರಲ್ಲಿ, ಎಳೆಯ ಶಿಶುಗಳಲ್ಲಿ ಕಾಮಾಲೆ ಕಂಡರೆ ಒಂದು ದಿನವನ್ನೂ ಕಳೆಯಲಾಗದು. ಹೆಪಟೈಟಿಸ್ ಇ ಗರ್ಭಿಣಿಯರಿಗೆ ಮಾರಕವಾಗಬಲ್ಲುದು. ರೋಗಿಯು ಮಂಕಾಗಿ ನಿದ್ದೆಗೆ ಜಾರುವುದು, ಮಾತು ತೊದಲುವುದು, ಬಿಡದೆ ವಾಂತಿಯಾಗುವುದು, ವಸಡು ಮೂಗುಗಳಿಂದ ರಕ್ತ ಬರುವುದು, ಮೂತ್ರ ಕಡಮೆಯಾಗುವುದು, ಮಲವು ಬಿಳಿಚಿಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ಆಸ್ಪತ್ರೆಯೇ ಗತಿ. ನಾಟಿಮದ್ದು ಸೇವಿಸಿದ್ದರೆ ಅದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಸಾಧ್ಯವಾದರೆ ಗಿಡವನ್ನೇ ತೋರಿಸಬೇಕು. ಕುದಿಸಿ ಆರಿಸಿದ ನೀರು, ಶುಚಿಯಾದ ಕೈ, ಹೆಪಟೈಟಿಸ್ ಬಿ ಲಸಿಕೆ, ಮದ್ಯದಿಂದ ದೂರವಿರುವುದು, ಇವು ಯಕೃತ್ತಿಗೆ ಯಾವ ಮೂಲಿಕೆಗಿಂತಲೂ ಮಿಗಿಲಾದ ರಕ್ಷೆಗಳು.

ವಿದ್ಯಾರ್ಥಿಗಳ ಹೊಣೆ

ಮೂಲಿಕೆಯನ್ನು ಕುರುಡಾಗಿ ನಂಬುವುದೂ, ನೋಡದೆಯೇ ತಳ್ಳಿಬಿಡುವುದೂ ಒಂದೇ ಬಗೆಯ ಅಜ್ಞಾನ. ಗಿಡಕ್ಕೆ ಗುಣವುಂಟು, ಗುಣಕ್ಕೆ ಮೇರೆಯುಂಟು, ಆ ಮೇರೆಯನ್ನರಿತವನೇ ವೈದ್ಯನು. ಮಲೆನಾಡಿನ ವಿದ್ಯಾರ್ಥಿಗಳಿಗೆ ಈ ಕ್ಷೇತ್ರದಲ್ಲಿ ಮಾಡಬೇಕಾದ ಕಾರ್ಯವು ಕಣ್ಣೆದುರಿಗೇ ಇದೆ. ತಮ್ಮ ಊರಿನ ಗಿಡಗಳನ್ನು ಎಲೆ, ಹೂ, ಕಾಯಿಗಳ ಸಹಿತ ಗುರುತಿಸಲು ಕಲಿಯುವುದು, ಒಂದೊಂದಕ್ಕೂ ಇರುವ ಕನ್ನಡ, ಸಂಸ್ಕೃತ, ಶಾಸ್ತ್ರೀಯ ನಾಮಗಳನ್ನು ಬರೆದಿಡುವುದು, ಹಿರಿಯರು ಯಾವ ಲಕ್ಷಣಕ್ಕೆ, ಯಾವ ಭಾಗವನ್ನು, ಎಷ್ಟು ಅಳತೆಯಲ್ಲಿ, ಎಷ್ಟು ದಿನ ಕೊಡುತ್ತಿದ್ದರೆಂಬುದನ್ನು ಕೇಳಿ ದಾಖಲಿಸುವುದು, ಇದೇ ಆ ಕಾರ್ಯ. ಅಜ್ಜಿಯೊಬ್ಬಳು ತೀರಿಕೊಂಡರೆ ಅವಳೊಡನೆ ಒಂದು ಕೈಪಿಡಿಯೇ ಮಣ್ಣುಗೂಡುತ್ತದೆ. ಹಾಗೆ ಬರೆದಿಟ್ಟುದನ್ನು ಮುಂದೆ ಪರೀಕ್ಷಿಸಿ ನೋಡುವ ವಿಜ್ಞಾನಿಯು ಈ ಮಕ್ಕಳಲ್ಲಿಯೇ ಹುಟ್ಟಬಾರದೇಕೆ? ವೈದ್ಯ ಸಂಗಣ್ಣನಿಗೆ ಮದ್ದು ಕೊಡುವುದು ಕಾಯಕವಾಗಿತ್ತು. ಮದ್ದಿನ ಸತ್ಯಾಸತ್ಯವನ್ನು ಶೋಧಿಸಿ, ಕಂಡುದನ್ನು ಕಂಡಂತೆ ಹೇಳುವುದೂ ಅಷ್ಟೇ ದೊಡ್ಡ ಕಾಯಕ. ಅದರ ಫಲವನ್ನು ಜನತೆಗೆ ಮುಟ್ಟಿಸುವುದೇ ದಾಸೋಹ.